ಹಸಿದ ತಟ್ಟೆಗಳು

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಇನ್ನೂ ಹದಿನೈದು ನಿಮಿಷವಿತ್ತು. ಮೊದಲನೆಯ ಬಸ್ಸು ಹಿಡಿದು ಬಂದು, ಕಾವಲಿನವನು ಆಕಳಿಸುತ್ತ ಬಿಟ್ಟ ಗೇಟಿನಲ್ಲಿ ನುಸುಳಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಜೀವಕೋಶಗಳ ಕೋಣೆಯ ಗಾಜಿನ ಕಿಂಡಿಯಲ್ಲಿ ಇಣುಕಿದವಳಿಗೆ ಕಂಡದ್ದು ಒಂದು ಬೆನ್ನು. ನೀಲಿ ಕೋಟಿನ, ತುಸು ಬಾಗಿದ, ನೋಡಿದವರಿಗೆ ಪಾಪ ಅನ್ನಿಸುವಂಥ ಬೆನ್ನು. ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಹೊರಬಾಗಿಲು ತೆರೆದಿತ್ತು. ಒಳಗಿನ ಗಾಜಿನ ಬಾಗಿಲೂ ತೆರೆದಿತ್ತು. ಎರಡನೆಯ ಅರೆ, ಎಂದರೆ ಅವಳ ಅರೆ, ಬರಿದಾಗಿತ್ತು. ನಿನ್ನೆ ಸಂಜೆ ಅವಳೇ ಕೈಯಾರೆ ಇಟ್ಟುಹೋದ ಆರು ತಟ್ಟೆಗಳ ಟ್ರೇ ಆ ಬೆನ್ನಿನವನ ಕೈಯಲ್ಲಿತ್ತು. ಸಿಕ್ಕಿಬಿದ್ದ, ಅಂದುಕೊಂಡಳು. ಸುಳ್ಳೇಕೆ, ಆ ಕ್ಷಣ ಅವಳಿಗೆ ಆದದ್ದು ಸಂತೋಷವೇ. ಒಂದು ತಿಂಗಳಿನಿಂದ ತಲೆ ತಿನ್ನುತ್ತಿದ್ದ ಅನುಮಾನಕ್ಕೆ ಕೊನೆಗೂ ಕೈಕಾಲು ಮೂಡಿ, ಅದು ಕೋಟು ತೊಟ್ಟು ಎದುರಿಗೇ ನಿಂತಿತ್ತು. ಬಾಗಿಲು ತಳ್ಳಿದಳು.

"ಅಕ್ಕ! ಆಗಲೇ ಬಂದ್ರಾ?" ಅವನು ಟ್ರೇ ಹಿಡಿದೇ ತಿರುಗಿದ.

"ನಾನೇನೋ ಬಂದೆ. ನೀನ್ಯಾಕೆ ಇವತ್ತು ನನಗಿಂತ ಮೊದಲೇ ಬಂದೆ?"

"ನನ್ನ ತಟ್ಟೆಗಳಿಗೆ ಹಸಿವಿನ ಮೀಡಿಯಂ ಹಾಕೋದಿತ್ತು. ಈಗಷ್ಟೇ ಹಾಕಿದೆ."

"ನಿನ್ನ ತಟ್ಟೆ ಮೂರನೇ ಅರೇಲಿ ಇರೋದು. ಅದು ನನ್ನದು."

ಅವನು ಟ್ರೇಯನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. "ಹೌದಲ್ಲ," ಅಂದ. ಅಷ್ಟೇ. ಹನಿ ತುಳುಕದ ಹಾಗೆ ಟ್ರೇಯನ್ನು ಒಳಗಿಟ್ಟು, ಎರಡೂ ಬಾಗಿಲು ಹಾಕಿ, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಆ ದಾರಿ ಬಿಡುವ ನಯವೇ ಅವಳ ಮೈಯೆಲ್ಲ ಉರಿಸಿತು.

ಅವನನ್ನು ಆ ಮಹಡಿಯಲ್ಲಿ ಎಲ್ಲರೂ ಸಂಭಾವಿತ ಅನ್ನುತ್ತಿದ್ದರು. ಹೆಸರಿಟ್ಟವಳು ಅವಳೇ. ಹನ್ನೆರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಪಿಪೆಟ್ ಹಿಡಿಯಲು ಬಾರದೆ ಕೈ ನಡುಗಿಸುತ್ತಿದ್ದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೈದು, ತಮಾಷೆ ಮಾಡಿ, ತಿದ್ದಿದವಳು ಅವಳು. ಬೈದರೂ ನಗುತ್ತಿದ್ದ. ಯಾರ ತಪ್ಪಿಗೋ ಪ್ರೊಫೆಸರು ಇವನನ್ನು ಗದರಿಸಿದರೂ ಬಾಯಿ ಬಿಡುತ್ತಿರಲಿಲ್ಲ. "ಸಂಭಾವಿತ ಕಣಪ್ಪ ಇವನು, ಮುಟ್ಟಿದ್ರೆ ಮಾಸ್ತಾನೆ" ಎಂದು ಆಗ ನಕ್ಕಿದ್ದಳು. ಈಗ ಅನ್ನಿಸುತ್ತದೆ, ಬಾಯಿ ಬಿಡದವರ ಹೊಟ್ಟೆಯೊಳಗೆ ಏನಿರುತ್ತದೆಂದು ಯಾರು ಕಂಡರು? ಚಹಾ ಕುಡಿದ ಮೇಲೆ ತನ್ನ ಲೋಟದ ಜೊತೆಗೆ ಅವಳ ಲೋಟವನ್ನೂ ತೊಳೆದಿಡುತ್ತಾನೆ. ಯಾಕೆ ತೊಳೆಯಬೇಕು? ಅವಳಿಗೇನು ಕೈಯಿಲ್ಲವೇ? ಅವಳು ಕನ್ನಡಕ ಹುಡುಕುತ್ತಿದ್ದರೆ ಏನೂ ಹೇಳದೆ ತಲೆಯ ಕಡೆಗೆ ಬೆರಳು ತೋರಿಸುತ್ತಾನೆ, ತಲೆಯ ಮೇಲೇ ಏರಿಸಿಕೊಂಡಿರುತ್ತಾಳೆ. ಬಾಯಿಂದ ಹೇಳಿದ್ದರೆ ಆಗುತ್ತಿರಲಿಲ್ಲವೇ? ಆ ಬೆರಳಿನಲ್ಲಿ ಒಂದು ನಗು ಇರುತ್ತದೆ. ಮುಖದಲ್ಲಿ ಇರುವುದಿಲ್ಲ, ಬೆರಳಿನಲ್ಲಿ ಇರುತ್ತದೆ.

ಇಬ್ಬರ ಕೆಲಸವೂ ಒಂದೇ, ಹೇಳಲು ಸುಲಭ, ಮಾಡಿಸಿಕೊಳ್ಳಲು ಮಾತ್ರ ಹಟಮಾರಿ. ಲಿವರಿನ ಜೀವಕೋಶಗಳನ್ನು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆಸಬೇಕು. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಕಣಗಳನ್ನು ಅವು ಹೇಗೆ ಒಳಗೆ ಎಳೆದುಕೊಳ್ಳುತ್ತವೆ ಎಂದು ನೋಡಬೇಕು. ಜೀವಕೋಶ ಹೊಟ್ಟೆ ತುಂಬಿದ್ದಾಗ ಸುಮ್ಮನಿರುತ್ತದೆ, ಕಣಗಳನ್ನು ಬರಮಾಡಿಕೊಳ್ಳುವ ಬಾಗಿಲುಗಳನ್ನು ಮೈಮೇಲೆ ಹೆಚ್ಚು ಇಟ್ಟುಕೊಳ್ಳುವುದೇ ಇಲ್ಲ. ಒಳಗೆ ಕೊಲೆಸ್ಟರಾಲ್ ಕಡಿಮೆಯಾಯಿತೆನ್ನಿ, ಎಲ್ಲಿಂದಲೋ ಸುದ್ದಿ ಒಳಮನೆಗೆ ಮುಟ್ಟುತ್ತದೆ, ಹೊಸ ಬಾಗಿಲುಗಳು ತಯಾರಾಗಿ ಮೈಮೇಲೆ ಬಂದು ನಿಲ್ಲುತ್ತವೆ. ಆದ್ದರಿಂದ ಮೊದಲು ಅವನ್ನು ಉಪವಾಸ ಕೆಡವಬೇಕು. ಸಾಮಾನ್ಯ ಸೀರಮ್ಮಿನ ಬದಲು, ಆ ಕಣಗಳನ್ನೆಲ್ಲ ಮೊದಲೇ ಬೇರ್ಪಡಿಸಿ ತೆಗೆದ ಸೀರಮ್ ಬೆರೆಸಿದ ಮೀಡಿಯಂ, ಎಂದರೆ ಪೋಷಕ ದ್ರವ, ಹಾಕಬೇಕು. ಅದೇ ಹಸಿವಿನ ಮೀಡಿಯಂ. ಸಂಜೆ ಹಾಕಿದರೆ ಮರುದಿನವೆಲ್ಲ ಉಪವಾಸ. ಅದರ ಮರುದಿನ ಬೆಳಿಗ್ಗೆ ಬಣ್ಣ ಕಟ್ಟಿದ ಕಣಗಳನ್ನು ಮೇಲೆ ಸುರಿದು, ಹೊತ್ತು ನೋಡಿ ತೊಳೆದು, ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಹಸಿದ ತಟ್ಟೆ ಕೆಂಪಗೆ ಹೊಳೆಯುತ್ತದೆ. ಹತ್ತೊಂಬತ್ತು ವರ್ಷ ಅವಳ ತಟ್ಟೆಗಳು ಹೊಳೆದಿದ್ದವು. ಈ ಒಂದು ತಿಂಗಳಿನಿಂದ ಕತ್ತಲೆ. ಪಕ್ಕದ ಅರೆಯ ಅವನ ತಟ್ಟೆಗಳು ಮಾತ್ರ ಕೆಂಡದ ಹಾಗೆ ಹೊಳೆಯುತ್ತಿದ್ದವು. ಹೋದ ವಾರ ಪ್ರೊಫೆಸರು ಅವಳ ಮುಖ ನೋಡದೆ ಮೇಜಿನ ಮೇಲಿನ ಪೆನ್ನು ನೋಡುತ್ತ, ಈ ಸಲವೂ ಬರದಿದ್ದರೆ ತಟ್ಟೆಗಳ ಕೆಲಸ ಅವನಿಗೆ ಕೊಡುತ್ತೇನೆ, ತೊಳೆಯುವ ಕೋಣೆಯಲ್ಲಿ ಒಬ್ಬರು ಬೇಕಾಗಿದ್ದಾರೆ, ಅಲ್ಲಿ ಶ್ರಮ ಕಡಿಮೆ, ಎಂದಿದ್ದರು. ತೊಳೆಯುವ ಕೋಣೆ! ಬಾಟಲಿ ಉಜ್ಜುವುದು, ಒಣಗಿಸುವುದು, ಹಬೆಯಲ್ಲಿ ಬೇಯಿಸುವುದು. ಐವತ್ತೊಂದು ವರ್ಷಕ್ಕೆ, ತಾನೇ ಕಲಿಸಿದವನ ಬಾಟಲಿ ಉಜ್ಜುವುದು.

ಅವಳು ತಟ್ಟೆಯ ಮುಚ್ಚಳಗಳ ಗುರುತು ನೋಡಲು ಶುರುಮಾಡಿದ್ದು ಎಲ್ಲ ಸರಿಯಿದ್ದಾಗಲೇ. ಮುಚ್ಚಳದ ಗೆರೆಯನ್ನು ಬಾಗಿಲ ಕಡೆಗೆ ತಿರುಗಿಸಿ ಇಡುವುದು ಅವಳ ಹಳೆಯ ಚಾಳಿ. ಒಂದು ಬೆಳಿಗ್ಗೆ ನೋಡಿದರೆ ಆರರಲ್ಲಿ ನಾಲ್ಕು ಗೆರೆಗಳು ಗೋಡೆ ನೋಡುತ್ತಿದ್ದವು. ಯಾರೋ ಮುಟ್ಟಿದ್ದಾರೆ. ಅಂದಿನಿಂದ ಮೊದಲನೆಯ ಬಸ್ಸಿಗೆ ಬರತೊಡಗಿದಳು, ಅವನಿಗಿಂತ ಮೊದಲು ಬಂದು ಇನ್‌ಕ್ಯುಬೇಟರಿನ ಎದುರು ಸ್ಟೂಲು ಹಾಕಿಕೊಂಡು ಕೂತಳು, ಮತ್ತು ಅಂದಿನಿಂದಲೇ ತಟ್ಟೆಗಳು ಕತ್ತಲಾದವು. ಮಧ್ಯಾಹ್ನ ಊಟಕ್ಕೆ ಹೋದಾಗ ಏನೋ ಬೆರೆಸುತ್ತಾನೆ ಎಂದು ಊಟ ಬಿಟ್ಟಳು, ಆದರೂ ಕತ್ತಲೆ. ನಡುವೆ ಒಂದು ದಿನ ಬಸ್ಸು ಕೆಟ್ಟು ಒಂಬತ್ತಕ್ಕೆ ಬಂದಿದ್ದಳು. ಆ ಸಲದ ತಟ್ಟೆಗಳು ಮಾತ್ರ ಚೆನ್ನಾಗಿ ಹೊಳೆದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಲೆ ಕೆರೆದುಕೊಳ್ಳುತ್ತಿದ್ದರೋ ಏನೋ. ಅವಳಿಗೆ ಎಲ್ಲ ಕನ್ನಡಿಯ ಹಾಗೆ ಸ್ಪಷ್ಟವಾಯಿತು: ನಾನಿಲ್ಲದ ದಿನ ಬೇಕೆಂದೇ ಮುಟ್ಟದೆ ಬಿಟ್ಟಿದ್ದಾನೆ, ನಾನಿದ್ದರೇ ಕೆಲಸ ಕೆಡುತ್ತದೆ ಎಂದು ತೋರಿಸಲು. ಎಂಥ ಖದೀಮ!

ಇವತ್ತು ಸಿಕ್ಕಿಬಿದ್ದನಲ್ಲ, ಹತ್ತು ಗಂಟೆಗೆ ಪ್ರೊಫೆಸರ ಕೋಣೆಗೆ ಹೋದಳು. ಅವರು ಕೇಳಿಸಿಕೊಂಡು, ನಂಬಲಾಗದೆ ಕನ್ನಡಕ ತೆಗೆದು ಒರೆಸಿದರು. "ಯಾರು, ಸಂಭಾವಿತನಾ?" ಅಂದರು. ಆಮೇಲೆ ಅವನನ್ನು ಕರೆಸಿದರು. ಬಂದವನು ಬಾಗಿಲ ಹತ್ತಿರವೇ ನಿಂತ.

"ಇವರ ಟ್ರೇ ತೆಗೆದದ್ದು ನಿಜವೇನಯ್ಯಾ?"

"ನಿಜ ಸರ್."

"ಇವತ್ತೊಂದೇ ದಿನವಾ, ಮೊದಲೂ ತೆಗೆದಿದ್ದೀಯಾ?"

"ಮೊದಲೂ ತೆಗೆದಿದ್ದೀನಿ ಸರ್."

"ಯಾಕೆ?"

ಅವನು ನೆಲ ನೋಡಿದ. ಅವಳ ಕಡೆಗೆ ಒಮ್ಮೆ ನೋಡಿದ. ಆ ನೋಟದಲ್ಲಿ ಅವಳು ಹುಡುಕಿದ ದ್ವೇಷವಿರಲಿಲ್ಲ, ಆದ್ದರಿಂದ ಅವಳು ಇನ್ನಷ್ಟು ಎಚ್ಚರವಾದಳು. "ತಪ್ಪಾಯ್ತು ಸರ್," ಅಂದ. ಪ್ರೊಫೆಸರಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾದ ಹಾಗೆ ಕಂಡಿತು. ತೀರ್ಪು ಹೇಳಿದರು: ಇವತ್ತು ಮುಟ್ಟಿದ ತಟ್ಟೆಗಳನ್ನು ಬಿಸಾಕಿ. ಸಂಜೆ ಹೊಸದಾಗಿ ಹಾಕಿ. ಶುಕ್ರವಾರದವರೆಗೆ ಇವನು ಆ ಕೋಣೆಗೆ ಕಾಲಿಡುವ ಹಾಗಿಲ್ಲ. ಇವನ ತಟ್ಟೆಗಳನ್ನೂ ನೀವೇ ನೋಡಿಕೊಳ್ಳಿ, ಎರಡಕ್ಕೂ ನೀವೇ ಬಣ್ಣದ ಕಣ ಹಾಕಿ. ಇವನಿಲ್ಲದಾಗ ನಿಮ್ಮವು ಹೊಳೆದರೆ ಇವನು ಈ ಸಂಸ್ಥೆಯಲ್ಲೇ ಇರುವುದಿಲ್ಲ. ಹೊಳೆಯದಿದ್ದರೆ, ಅಂದು ನಿಲ್ಲಿಸಿ, ಮತ್ತೆ ಆ ಪೆನ್ನು ನೋಡಿದರು. ಮುಂದಿನದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಅವಳ ಗಂಡ ಬೀಗ ರಿಪೇರಿಯವನು. ಬಸ್ ನಿಲ್ದಾಣದ ಎದುರಿಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಂಗಡಿ. ಗೋಡೆ ತುಂಬ ಇನ್ನೂ ಹಲ್ಲು ಕೊಯ್ಯದ ಕೀಲಿಕೈಗಳು, ನೆಲದ ಮೇಲೆ ಹಿತ್ತಾಳೆಯ ಪುಡಿ. ಮಧ್ಯಾಹ್ನ ಅಲ್ಲಿಗೆ ಹೋಗಿ, ಗಾಳಿಯಾಡುವ ಆದರೆ ಕೈಯಾಡದ ಡಬ್ಬಿಯೊಂದು ಬೇಕು ಅಂದಳು. ಬಾಯಿ ಮಾತಿನ ಮೇಲೆ ಅವಳಿಗೆ ನೆಚ್ಚಿಗೆಯಿರಲಿಲ್ಲ, ಪ್ರೊಫೆಸರದ್ದಾದರೂ ಅಷ್ಟೇ.

"ಬೀಗ ಕೇಳಿದವರ ಹತ್ರ ನಾನು ಕಾರಣ ಕೇಳಲ್ಲ," ಅಂದ ಗಂಡ, ಸ್ಟೀಲ್ ಡಬ್ಬಿಯ ಮೈಗೆ ತೂತು ಕೊರೆಯುತ್ತ. "ಹೆಂಡ್ತಿ ಆದ್ರೆ ಕೇಳ್ಬಹುದೇನೋ. ಯಾರ ಮೇಲೆ?"

ಹೇಳಿದಳು. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಪ್ರೊಫೆಸರು ಈಗ ಪರೀಕ್ಷೆ ಮಾಡಿಸುತ್ತಿರುವ ಮದ್ದಿನ ವಿಷಯವೂ ಬಂತು. ಬಾಗಿಲು ಕಣವನ್ನು ಹಿಡಿದುಕೊಂಡು ತಾನೂ ಒಳಗೆ ಹೋಗುತ್ತದೆ, ಒಳಗೆ ಒಂದು ಹುಳಿ ಕೋಣೆಯಲ್ಲಿ ಹೊರೆ ಇಳಿಸಿ ಹತ್ತೇ ನಿಮಿಷದಲ್ಲಿ ಮೇಲೆ ಬಂದು ಮತ್ತೆ ತನ್ನ ಜಾಗದಲ್ಲಿ ನಿಲ್ಲುತ್ತದೆ, ಹೀಗೆ ನೂರಾರು ಸಲ, ಅಂದಳು.

"ಬಾಗಿಲು ಒಳಗೆ ಹೋಗಿ ವಾಪಸ್ ಬರುತ್ತಾ? ಎಂಥ ಬಡಗಿ ಮಾಡಿದ್ದೇ ಅದು!"

"ತಮಾಷೆ ಬೇಡ ರೀ. ಒಂದೊಂದ್ಸಲ ವಾಪಸ್ ಬರಲ್ಲ. ಒಂದು ಸಣ್ಣ ಪ್ರೋಟೀನು ಬಂದು ಬಾಗಿಲಿಗೆ ಅಂಟ್ಕೊಳ್ಳುತ್ತೆ. ಅದು ಅಂಟಿದ ಬಾಗಿಲು ಒಳಗೆ ಹೋದ್ರೆ ಹೊರೆಯ ಜೊತೆ ಅದೂ ಚೂರುಚೂರು. ಆ ಪ್ರೋಟೀನನ್ನ ತಡೆಯೋ ಮದ್ದು ನಮ್ಮದು."

"ಎಲ್ಲಿಂದ ಬರುತ್ತೆ ಆ ಪುಣ್ಯಾತ್ಮ?"

"ಅದೇ ಜೀವಕೋಶನೇ ಹೊರಗೆ ಬಿಡುತ್ತೆ."

ಗಂಡ ಡ್ರಿಲ್ ನಿಲ್ಲಿಸಿ ಅವಳ ಮುಖ ನೋಡಿದ. "ಹಂಗಾದ್ರೆ ಕಳ್ಳ ಹೊರಗಿನವನಲ್ಲ ಅನ್ನು," ಅಂದ. ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದ? ಇವನೂ ಸಂಭಾವಿತನ ಪರವೇ ಇರಬಹುದೇ? ಹೋದ ವರ್ಷ ಸಂಭಾವಿತ ಮನೆಯ ಕೀಲಿ ಕಳೆದುಕೊಂಡಾಗ ಇವನೇ ಹೋಗಿ ತೆರೆದುಕೊಟ್ಟು, ಚಹಾ ಕುಡಿದು, ಎರಡು ಗಂಟೆ ಹರಟಿ ಬಂದಿದ್ದ. ಎರಡು ಗಂಟೆ ಏನು ಮಾತಾಡಿದರು? ಡಬ್ಬಿಯನ್ನೂ ಬೀಗವನ್ನೂ ತೆಗೆದುಕೊಂಡಳು. ಎರಡನೆಯ ಕೀಲಿಕೈಯನ್ನೂ ಕೇಳಿ ಇಸಿದುಕೊಂಡಳು. ಗಂಡ ಕೊಟ್ಟ, ಆದರೆ ಅವನ ಮುಖ ಸಣ್ಣದಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಫ್ರೀಜರಿನಿಂದ ಸೀರಮ್ ತೆಗೆದು ಕರಗಿಸಿ, ಮೀಡಿಯಂಗೆ ಬೆರೆಸಿ, ಗಾಳಿ ಸೋಸುವ ಹುಡ್ಡಿನ ಎದುರು ಕೂತು ಆರು ತಟ್ಟೆಗಳಿಗೂ ಹಾಕಿದಳು. ಮುಖಗವಸಿನ ಉಸಿರಿಗೆ ಕನ್ನಡಕ ಮಂಜಾಗುತ್ತಿತ್ತು. ಎಂದಿನಂತೆ ತಲೆಯ ಮೇಲಕ್ಕೆ ಏರಿಸಿದಳು. ಈ ಕೆಲಸಕ್ಕೆ ಅವಳಿಗೆ ಕಣ್ಣು ಬೇಕಿರಲಿಲ್ಲ, ಕೈಗೇ ಎಲ್ಲ ಗೊತ್ತಿತ್ತು. ಸ್ಪಿರಿಟಿನಲ್ಲಿ ಒರೆಸಿದ ತೂತಿನ ಡಬ್ಬಿಯೊಳಗೆ ತಟ್ಟೆಗಳನ್ನಿಟ್ಟು, ಬೀಗ ಹಾಕಿ ಎಳೆದು ನೋಡಿ, ಡಬ್ಬಿಯನ್ನು ತನ್ನ ಅರೆಯಲ್ಲಿಟ್ಟಳು. ಎರಡೂ ಕೀಲಿಕೈಗಳು ಕೊರಳಿನ ದಾರದಲ್ಲಿ ತಣ್ಣಗೆ ಎದೆಗೆ ತಾಗುತ್ತಿದ್ದವು.

ಗುರುವಾರ ಕಳೆಯುವುದೇ ಕಷ್ಟವಾಯಿತು. ಅವನಿಲ್ಲದ ಕೋಣೆ ದೊಡ್ಡದಾಗಿ ಕಂಡಿತು. ಚಹಾದ ಲೋಟ ಸಂಜೆಯವರೆಗೂ ಕಟ್ಟೆಯ ಮೇಲೆ ಕುಡಿದಿಟ್ಟ ಹಾಗೇ ಇತ್ತು. ಸ್ಟೂಲಿನ ಮೇಲೆ ಕೂತು ಇನ್‌ಕ್ಯುಬೇಟರಿನ ಕೆಂಪು ಅಂಕಿಗಳನ್ನು ನೋಡುತ್ತ ಇದ್ದವಳಿಗೆ ಇದ್ದಕ್ಕಿದ್ದಂತೆ ಅಮ್ಮ ನೆನಪಾದಳು. ಅಮ್ಮನೂ ಹೀಗೇ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿ ಕೂರುತ್ತಿದ್ದಳು, ಕೊನೆಯ ಎರಡು ವರ್ಷ. ಯಾರೋ ಚಮಚ ಕದಿಯುತ್ತಾರೆ. ಇವತ್ತು ಎರಡು, ನಿನ್ನೆ ಒಂದು. ಮನೆಗೆಲಸದವಳನ್ನು ಬಿಡಿಸಿದಳು, ಸೊಸೆಯನ್ನು ಮಾತಾಡಿಸುವುದು ಬಿಟ್ಟಳು, ಕೊನೆಗೆ ನೆಂಟರೆದುರು ಮಗಳಾದ ಇವಳ ಕೈಚೀಲವನ್ನೇ ನೆಲದ ಮೇಲೆ ಸುರಿದು ಹುಡುಕಿದಳು. "ಕಳ್ಳಿ! ಹೆತ್ತ ತಾಯಿ ಮನೆಯಲ್ಲೇ ಕದೀತೀಯಾ!" ಇವಳು ನೆಲದ ಮೇಲೆ ಕೂತು ಬಾಚಣಿಗೆ, ಬಸ್ ಚೀಟಿ, ಚಿಲ್ಲರೆ ಆರಿಸಿಕೊಂಡಿದ್ದಳು, ಎಲ್ಲರೂ ನೋಡುತ್ತಿದ್ದರು. ಆಮೇಲೆ ಹನ್ನೊಂದು ಚಮಚಗಳು ಅಮ್ಮನ ತಲೆದಿಂಬಿನ ಚೀಲದೊಳಗೇ ಸಿಕ್ಕವು. ಹೋದ ವರ್ಷ, ಅಮ್ಮ ಹೋಗಿ ತಿಂಗಳಾದಾಗ, ಇದನ್ನೆಲ್ಲ ಸಂಸ್ಥೆಯ ಮೆಟ್ಟಿಲ ಮೇಲೆ ಕೂತು ಹೇಳಿಕೊಂಡು ಅತ್ತಿದ್ದಳು: "ನನಗೂ ಹಾಗೇ ಆಗುತ್ತೇನೋ ಕಣೋ. ಮೊನ್ನೆ ಗ್ಯಾಸ್ ಆರಿಸೋದು ಮರೆತಿದ್ದೆ. ನಾನು ಅಮ್ಮನ ಥರ ಆಗ್ಬಿಟ್ರೆ?" ಹೇಳಿಕೊಂಡದ್ದು ಯಾರ ಹತ್ತಿರ? ಇದೇ ಸಂಭಾವಿತನ ಹತ್ತಿರ! ಯಾಕಾದರೂ ಹೇಳಿದೆನೋ. ಗುಟ್ಟು ಕೊಟ್ಟವಳು ನಾನೇ. ಅವನು ಅದನ್ನು ಭದ್ರವಾಗಿ ಇಟ್ಟುಕೊಂಡು, ಮುದುಕಿಗೆ ಮರೆವು ಶುರುವಾಗಿದೆ ಎಂದು ತೋರಿಸಲು ಸಮಯ ಕಾಯುತ್ತಿದ್ದಾನೆ. ಹಾಗಂದುಕೊಂಡ ಮೇಲೆ ಅಮ್ಮನ ನೆನಪಿನಿಂದ ಆದ ಅಂಜಿಕೆ ಹಿಂದಕ್ಕೆ ಸರಿಯಿತು.

ಶುಕ್ರವಾರ ಬೀಗ ಹಾಕಿದ ಹಾಗೇ ಇತ್ತು. ಬೀಗದ ಬಾಯಿಗೆ ಅಂಟಿಸಿದ್ದ ಕಾಗದದ ಚೂರು ಕೂಡ ಹರಿದಿರಲಿಲ್ಲ. ಒಂದೇ ಟ್ಯೂಬಿನಿಂದ, ಒಂದೇ ಕೈಯಿಂದ, ತನ್ನ ಆರು ತಟ್ಟೆಗಳಿಗೂ ಅವನ ಆರು ತಟ್ಟೆಗಳಿಗೂ ಬಣ್ಣದ ಕಣ ಹಾಕಿದಳು. ಕಾದಳು, ತೊಳೆದಳು, ದೀಪವಾರಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಮೊದಲು ಅವನದು. ಒಂದೊಂದು ಜೀವಕೋಶದ ತುಂಬ ಕೆಂಪು ಚುಕ್ಕೆಗಳು ಕಿಕ್ಕಿರಿದಿದ್ದವು. ಹಸಿದು ಹಸಿದು ಸಿಕ್ಕಿದ್ದನ್ನೆಲ್ಲ ಒಳಗೆ ಎಳೆದುಕೊಂಡಿದ್ದವು. ಆಮೇಲೆ ತನ್ನದು. ಕತ್ತಲೆ. ಅಲ್ಲೊಂದು ಇಲ್ಲೊಂದು ಚುಕ್ಕೆ. ಎರಡನೆಯದು, ಕತ್ತಲೆ. ಆರೂ ನೋಡಿದಳು. ತಟ್ಟೆಗಳು ಸತ್ತಿರಲಿಲ್ಲ, ಕೆಟ್ಟಿರಲಿಲ್ಲ. ದುಂಡುದುಂಡಗೆ, ಚೆನ್ನಾಗಿ ಉಂಡ ಮಕ್ಕಳ ಹಾಗೆ, ಏನೂ ಬೇಡವೆಂದು ಮಲಗಿದ್ದವು.

ಉಂಡ ಮಕ್ಕಳು. ಆ ಮಾತು ಮನಸ್ಸಿಗೆ ಬಂದದ್ದೇ ಅವಳು ಮೈಕ್ರೋಸ್ಕೋಪಿನಿಂದ ಕಣ್ಣೆತ್ತಿದಳು. ಉಪವಾಸ ಕೆಡವಿದ ಕೋಶಗಳು ಹೀಗೆ ಕಾಣುವುದಿಲ್ಲ. ಇವಕ್ಕೆ ಯಾರೋ ಊಟ ಹಾಕಿದ್ದಾರೆ. ಬೀಗದೊಳಗೆ ಯಾರು ಹಾಕಿಯಾರು? ಬುಧವಾರ ಸಂಜೆ ಖಾಲಿ ಮಾಡಿದ ಸೀರಮ್ ಟ್ಯೂಬು ಇನ್ನೂ ಹುಡ್ಡಿನ ಮೂಲೆಯ ಸ್ಟ್ಯಾಂಡಿನಲ್ಲೇ ನಿಂತಿತ್ತು. ಕನ್ನಡಕವನ್ನು ಮೂಗಿಗೆ ಇಳಿಸಿ ಓದಿದಳು. ಸಾಮಾನ್ಯ ಸೀರಮ್. ಮತ್ತೆ ಓದಿದಳು. ಎರಡು ಬಗೆಯದಕ್ಕೂ ಒಂದೇ ಥರದ ಟ್ಯೂಬು, ಒಂದೇ ಜೇನಿನ ಬಣ್ಣ. ಫ್ರೀಜರಿನ ಬಾಗಿಲು ತೆಗೆದು ನಿಂತಳು. ಕಣ ತೆಗೆದ ಸೀರಮ್ ಬಲಗಡೆಯಿತ್ತು, ಸಾಮಾನ್ಯದ್ದು ಎಡಗಡೆ. ಹೋದ ವರ್ಷ ಹಳೆಯ ಫ್ರೀಜರ್ ಕೆಟ್ಟು ಇದು ಬಂದಾಗ, ಎಡಗಡೆ ಹಿಮ ಹೆಚ್ಚು ಕಟ್ಟುತ್ತದೆ ಎಂದು ಅದನ್ನು ಬಲಗಡೆಗೆ ಸಾಗಿಸಿದವಳು ಅವಳೇ, ಎಲ್ಲರೂ ಗಮನಿಸಿ ಎಂದು ಚೀಟಿ ಬರೆದು ಅಂಟಿಸಿದವಳೂ ಅವಳೇ. ಕೈ ಮಾತ್ರ ಹದಿನೆಂಟು ವರ್ಷದ ಅಭ್ಯಾಸದಂತೆ ಎಡಕ್ಕೇ ಹೋಗುತ್ತಿತ್ತು.

ಬಾಗಿಲ ಮೇಲೆ ಟ್ಯೂಬು ತೆಗೆದವರು ಗುರುತು ಹಾಕುವ ಪಟ್ಟಿ ತೂಗುತ್ತಿತ್ತು. ಯಾವತ್ತೂ ಕೊನೆಯ ಸಾಲಿಗೆ ಒಂದು ಕೆಂಪು ಗೆರೆ ಎಳೆದು ಬರುತ್ತಿದ್ದವಳು ಇವತ್ತು ಮೇಲಿನಿಂದ ಓದಿದಳು. ಕಣ ತೆಗೆದ ಸೀರಮ್: ಅವಳ ಕೆಂಪು ಗೆರೆ, ಸಂಜೆ ಆರು. ಅದರ ಕೆಳಗೆ ಪೆನ್ಸಿಲಿನಲ್ಲಿ ಅವನ ದುಂಡಕ್ಷರ, ಮರುದಿನ ಬೆಳಿಗ್ಗೆ ಏಳೂವರೆ: ಅಕ್ಕನ ತಟ್ಟೆಗೆ. ಮತ್ತೆ ಕೆಂಪು ಗೆರೆ, ಮತ್ತೆ ಪೆನ್ಸಿಲ್. ಹಾಳೆ ತಿರುವಿದಳು, ವರ್ಷದುದ್ದಕ್ಕೂ ಹಾಗೇ. ಅವಳು ಮೊದಲನೆಯ ಬಸ್ಸಿಗೆ ಬರಲು ಶುರುಮಾಡಿದ ತಿಂಗಳಲ್ಲಿ ಮಾತ್ರ ಪೆನ್ಸಿಲ್ ಇರಲಿಲ್ಲ. ಇತ್ತು, ಒಂದೇ ಒಂದು ಕಡೆ, ಬಸ್ಸು ಕೆಟ್ಟ ದಿನ. ಬಚ್ಚಿಟ್ಟು ಮಾಡಿರಲಿಲ್ಲ ಅವನು. ಎಲ್ಲರ ಕಣ್ಣೆದುರಿಗೆ ಬರೆದಿಟ್ಟಿದ್ದ. ಓದುವವರು ಬೇಕಿತ್ತು ಅಷ್ಟೆ.

ಅವಳಿಗೆ ಆ ಹೊತ್ತಿನಲ್ಲಿ ಅಳು ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಲೆಕ್ಕಾಚಾರ. ಹನ್ನೊಂದಕ್ಕೆ ಪ್ರೊಫೆಸರು ಬರುತ್ತಾರೆ. ಇನ್ನು ಹತ್ತು ನಿಮಿಷ. ಅವನ ತಟ್ಟೆಯ ಮೇಲಿನ ಬರಹ ಮಾರ್ಕರಿನದು, ಸ್ಪಿರಿಟ್ ಹತ್ತಿಗೆ ಅಳಿಯುತ್ತದೆ. ಯಾಕೆ ಮಾಡಿದ ಇವನು ಹೀಗೆ? ಯಾರು ಕೇಳಿದ್ದರು ಇವನನ್ನು? ಒಂದು ವರ್ಷ ನನ್ನ ತಪ್ಪನ್ನು ಬೆಳಿಗ್ಗೆ ಬೆಳಿಗ್ಗೆ ಬಂದು ಒರೆಸಿ, ಆಮೇಲೆ ಎದುರಿಗೆ ಕೂತು ಚಹಾ ಕುಡಿದನಲ್ಲ, ಒಳಗೊಳಗೇ ಎಷ್ಟು ನಕ್ಕಿರಬೇಕು! ಕಳ್ಳನಾಗಿದ್ದರೆ ಕ್ಷಮಿಸಬಹುದಿತ್ತು. ಅವನ ಟ್ರೇ ಎಳೆದಳು. ಮೊದಲನೆಯ ತಟ್ಟೆಯ ಗುರುತನ್ನು ಗಸಗಸ ಒರೆಸತೊಡಗಿದಳು. ಅರ್ಧ ಅಳಿದಿತ್ತು, ಬಾಗಿಲ ಹತ್ತಿರ ಉಸಿರಿನ ಸದ್ದಾಯಿತು. ಅವನು ನಿಂತಿದ್ದ, ಮನೆಯ ಬಟ್ಟೆಯಲ್ಲಿ, ಹೊಸ್ತಿಲಿನ ಹೊರಗೇ, ಕಾಲಿಡಬಾರದು ಅಂದಿದ್ದರಲ್ಲ ಎಂದು. ಎಲ್ಲ ನೋಡಿದ್ದ.

"ಅದು ಬೇಡ ಅಕ್ಕ," ಅಂದ ಮೆಲ್ಲಗೆ. "ಅದರ ಅಂಚಲ್ಲಿ ಕೋಶಗಳು ಎದ್ದಿವೆ, ಬುಧವಾರವೇ ನೋಡಿದ್ದೆ. ಮೂರನೇದು ತಗೊಳ್ಳಿ. ಚೆನ್ನಾಗಿದೆ."

ಅವಳ ಕೈಯ ಹತ್ತಿ ಅಲ್ಲೇ ನಿಂತಿತು. "ಯಾಕೋ ಹೇಳಲಿಲ್ಲ ನನಗೆ?"

"ಮೊದಲನೇ ಸಲ ಹೇಳೋಣ ಅಂತಲೇ ಬಂದೆ. ಖಾಲಿ ಟ್ಯೂಬ್ ಕೈಯಲ್ಲೇ ಇತ್ತು. ನೀವು ಮೆಟ್ಟಿಲ ಮೇಲೆ ಕೂತು ಅಮ್ಮನ ವಿಷಯ ಹೇಳ್ಕೊಂಡು ಅಳ್ತಾ ಇದ್ರಿ. ಆಮೇಲೆ ಹೇಳೋಕೆ ಆಗಲೇ ಇಲ್ಲ."

"ಪ್ರ... ಪ್ರತಿ ಸಲವಾ?"

"ಇಲ್ಲ ಅಕ್ಕ. ಎಷ್ಟೋ ಸಲ ನೀವೇ ಸರಿಯಾಗಿ ಹಾಕಿರ್ತಿದ್ರಿ," ಅಂದ. ಪಟ್ಟಿಯನ್ನು ಈಗಷ್ಟೇ ಓದಿದ್ದ ಅವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಅವನು ಚೆನ್ನಾಗಿ ಸುಳ್ಳು ಹೇಳುತ್ತಿರಲಿಲ್ಲ.

ಕಾರಿಡಾರಿನಲ್ಲಿ ಪ್ರೊಫೆಸರ ಬೂಟಿನ ಸದ್ದು ಕೇಳಿತು. ಅವಳ ಕೈ ತಾನಾಗಿ ಮೂರನೆಯ ತಟ್ಟೆಯನ್ನು ತೆಗೆದು, ಒಂದೇ ಸಲಕ್ಕೆ ಒರೆಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟಿತು. ಬಂದವರು ಯಾರ ಮುಖವನ್ನೂ ನೋಡದೆ ನೇರವಾಗಿ ಬಗ್ಗಿದರು. ಬಹಳ ಹೊತ್ತು ನೋಡಿದರು. "ಅಬ್ಬಾ," ಅಂದರು. "ಹೀಗೆ ಹೊಳೆದದ್ದು ನೋಡಿ ತಿಂಗಳಾಯ್ತು. ನಿಮ್ಮದೇ ತಾನೆ?"

"ಹೂಂ," ಅಂದಳು. ಅದು ಮಾತೂ ಅಲ್ಲ, ಬರೀ ಉಸಿರು. ಆದರೆ ಸಾಕಾಯಿತು. ಪ್ರೊಫೆಸರು ನೆಟ್ಟಗಾಗಿ, ಬಾಗಿಲಲ್ಲಿ ನಿಂತವನ ಕಡೆ ತಿರುಗಿದರು. ಅವರ ದನಿಯಲ್ಲಿ ನೋವಿತ್ತು. "ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲಪ್ಪ. ಸಂಜೆಯೊಳಗೆ ಕಾಗದ ತಗೊಂಡು ಹೋಗು. ಏನಾದ್ರೂ ಹೇಳೋದಿದೆಯಾ?"

"ನಿಮಗೇನಿಲ್ಲ ಸರ್," ಅಂದ ಅವನು. ಆಮೇಲೆ ಅವಳಿಗೆ: "ಅಕ್ಕ, ಹೋಗೋ ಮುಂಚೆ ಕಣ ತೆಗೆದ ಸೀರಮ್ಮನ್ನೆಲ್ಲ ಎಡಗಡೆಗೆ ಜೋಡಿಸಿ ಹೋಗ್ತೀನಿ. ಹಿಮ ಕಟ್ಟಿದ್ರೆ ವಾರಕ್ಕೊಂದ್ಸಲ ಕೆರೆಸಿ. ನಿಮ್ಮ ಕೈ ಹೋದ ಕಡೆಗೇ ಸಿಗುತ್ತೆ. ಇನ್ನು ಬೆಳಿಗ್ಗೆ ನಾನು ಬರಲ್ಲ ನೋಡಿ."

ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ಅವಳಿಗೆ. ಹೋಗುವವನು ಸುಮ್ಮನೆ ಹೋಗಬಾರದೇ? ಬಾಯಿಗೆ ಬಂದದ್ದು ಬೈದು ಹೋಗಬಾರದೇ? ನಾಳೆಯಿಂದ ದಿನವೂ ಆ ಫ್ರೀಜರಿನ ಬಾಗಿಲು ತೆರೆಯಬೇಕು, ಎಡಕ್ಕೆ ಕೈ ಚಾಚಬೇಕು, ಅವನು ಇಟ್ಟುಹೋದದ್ದು ಸಿಗಬೇಕು, ಸಾಯುವವರೆಗೂ. ಇಲ್ಲ, ಸಾಧ್ಯವಿಲ್ಲ.

"ಸರ್, ಆ ತಟ್ಟೆ ನನ್ನದಲ್ಲ."

ಪ್ರೊಫೆಸರು ಅರ್ಥವಾಗದೆ ನೋಡಿದರು. "ಏನಂದ್ರಿ?"

"ನನ್ನದಲ್ಲ ಅಂದೆ! ಅದು ಇವನದು, ನಾನು ಗುರುತು ಒರೆಸಿದ್ದು. ನನ್ನವು ಆ ಡಬ್ಬೀಲಿವೆ, ಒಂದೂ ಹೊಳೀತಿಲ್ಲ. ಒಂದು ವರ್ಷದಿಂದ ತಪ್ಪು ಸೀರಮ್ ಹಾಕಿದ್ದು ನಾನು, ಬೆಳಿಗ್ಗೆ ಬಂದು ಬದಲಾಯಿಸಿದ್ದು ಇವನು. ಬೇಕಾದ್ರೆ ಫ್ರೀಜರಿನ ಪಟ್ಟಿ ನೋಡಿ." ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಎದುರು ಕೋಣೆಯವರು ಬಾಗಿಲಿಗೆ ಬಂದು ನಿಂತರು. ನಿಲ್ಲಲಿ, ಕೇಳಲಿ. ಇದನ್ನು ಹೇಳಿದ್ದು ಅವನ ಮೇಲಿನ ಮರುಕಕ್ಕಲ್ಲ, ಸತ್ಯಕ್ಕೂ ಅಲ್ಲ, ಸಿಟ್ಟಿಗೆ ಎಂದು ಅವಳಿಗೇ ಗೊತ್ತಿತ್ತು. ಹೇಳಿ ಮುಗಿದ ಮೇಲೂ ಎದೆ ಹಗುರಾಗಲಿಲ್ಲ. ಪ್ರೊಫೆಸರು ಕೇಳುವ ಮುಖ ಮಾಡಿ ಅವನ ಕಡೆ ತಿರುಗಿದರು. ಅವನು ತುಟಿ ತೆರೆದ. ಈಗ ಇವನೇನು ಹೇಳುತ್ತಾನೋ, ತನ್ನನ್ನು ಉಳಿಸಲು ಮತ್ತೆ ಇನ್ನೇನು ಹೂಡುತ್ತಾನೋ ಎಂದು ಅವಳು ಅವನ ಬಾಯನ್ನೇ ಅನುಮಾನದಿಂದ ನೋಡುತ್ತ ನಿಂತಳು.